ಕಣ್ಣು ಮುಚ್ಚಿ ಹಾರಿಸಿದ ಗುಂಡು

"ನೋಡದೆ ಆಡಿದ ಮಾತು ಸುಳ್ಳಾಗುತ್ತದೆಯೇ, ಗುರುಗಳೇ?" ಎಂದು ಅಡವಯ್ಯ ಕೇಳಿದ.

ಬೆಳಗಿನ ಪಾಠ ಮುಗಿದು ಉಳಿದ ಶಿಷ್ಯರು ಎದ್ದು ಹೋಗಿದ್ದರು. ಅಡವಯ್ಯ ಒಬ್ಬನೇ ಕೂತಿದ್ದ. ತನ್ನ ಸಂದೇಹವನ್ನು ಅವನು ಬಿಡಿಸಿ ಹೇಳಿದ. ಒಬ್ಬ ಮನುಷ್ಯ ಒಂದು ಕೆಲಸವನ್ನು ಮಾಡಿದನೋ ಬಿಟ್ಟನೋ ಅವನಿಗೇ ನೆನಪಿಲ್ಲ. ಕೇಳಿದವರಿಗೆ ಮಾಡಿದೆ ಎಂದು ಹೇಳಿದ. ಮಾಡಿರಲೂಬಹುದು. ನಿಜವಾಗಿರಬಹುದಾದ ಮಾತನ್ನು ಸುಳ್ಳೆಂದು ಕರೆಯಲು ಶಾಸ್ತ್ರದಲ್ಲಿ ಆಧಾರವಿದೆಯೇ?

ಸ್ವಂತ ತಪ್ಪನ್ನು ಶಾಸ್ತ್ರದ ಸಂದೇಹವಾಗಿ ಕೇಳುವ ಪದ್ಧತಿ ಆ ಮಠದಲ್ಲಿ ಅಡವಯ್ಯನಿಂದ ಶುರುವಾದದ್ದಲ್ಲ. ಅವನು ಅದನ್ನು ಶ್ರದ್ಧೆಯಿಂದ ಮುಂದುವರಿಸಿಕೊಂಡು ಬಂದಿದ್ದ, ಅಷ್ಟೆ.

ವಿಷಯ ಇಷ್ಟು. ಮಠದ ದನಗಳು ಕೊಟ್ಟಿಗೆಯಿಂದ ಹೊರಬಿದ್ದು ಪಕ್ಕದ ರೈತನ ಜೋಳದ ಹೊಲಕ್ಕೆ ನುಗ್ಗಿದ್ದವು. ತೆನೆ ಕಟ್ಟಿದ್ದ ಪೈರು ನೆಲಸಮವಾಗಿತ್ತು. ರೈತ ಬಂದು ಅಂಗಳದಲ್ಲಿ ನಿಂತು, ಮಠದ ದನ, ಏನೆಂದು ಹೇಳಲಿ, ಎಂದಷ್ಟೇ ಹೇಳಿ ಹೋದ. ಅವನು ಬೈದಿದ್ದರೆ ಎಲ್ಲರಿಗೂ ಹಗುರಾಗುತ್ತಿತ್ತು. ಮಠ ತನ್ನ ಕಣಜದಿಂದ ಅವನಿಗೆ ಜೋಳ ಅಳೆದುಕೊಟ್ಟಿತು. ಆದರೆ ಕೊಟ್ಟಿಗೆಯ ಬಾಗಿಲಿಗೆ ಅಡ್ಡಮರದ ಅಗಳಿ ಹಾಕದೆ ಬಿಟ್ಟವರು ಯಾರೆಂಬುದು ಹಾಗೆಯೇ ಉಳಿಯಿತು. ಅಗಳಿಯೂ ಸಿಗಲಿಲ್ಲ. ಹಿಂದಿನ ಸಂಜೆ ಹೊಸದಾಗಿ ಹುಟ್ಟಿದ ಕರುವನ್ನು ನೋಡಲು ಕೊನೆಗೆ ಹೋದವನು ಅಡವಯ್ಯ. ಅಗಳಿ ಹಾಕಿದೆಯಾ ಎಂದು ಗುರುಗಳು ಕೇಳಿದಾಗ ಅವನು ಹಾಕಿದೆ ಎಂದಿದ್ದ. ಅಗಳಿ ಹಾಕುವುದು ಎಲ್ಲರೂ ಮಾಡುವ ಕೆಲಸವಾದ್ದರಿಂದ ತಾನೂ ಮಾಡಿರಬೇಕು ಎಂಬುದು ಅವನ ಆಧಾರ. ದನ ಕಾಯುವ ದ್ಯಾಮಪ್ಪ ವಾದ ಮಾಡಲಿಲ್ಲ. ಅಯ್ಯನವರು ಹಾಕಿದ್ದರೆ ನಸುಕಿನಲ್ಲಿ ನೀರಿಡಲು ಹೋದ ನಾನೇ ತೆಗೆದು ಮರೆತಿರಬೇಕು ಎಂದ. ಅವನನ್ನು ಯಾರೂ ಹೋಗು ಎನ್ನಲಿಲ್ಲ. ಕೈ ನಂಬಿಕೆ ತಪ್ಪಿದ ಮೇಲೆ ದನದ ಹಗ್ಗ ಹಿಡಿಯಬಾರದು ಎಂದು ಅವನೇ ತೀರ್ಮಾನಿಸಿ, ಆ ಹೊತ್ತಿನಲ್ಲಿ ಕೊಟ್ಟಿಗೆಯ ಪಡಸಾಲೆಯಲ್ಲಿ ಹಾಸಿಗೆ ಸುತ್ತುತ್ತಿದ್ದ. ಮಗಳ ಊರಿಗೆ ಹೋಗುತ್ತಾನಂತೆ. ಆ ಊರಿನಲ್ಲಿ ಅವನಿಗೆ ಮಗಳು ಬಿಟ್ಟರೆ ದನವೂ ಇರಲಿಲ್ಲ, ಕೆಲಸವೂ ಇರಲಿಲ್ಲ.

ಗುರುಗಳು ಶಾಸ್ತ್ರದ ಆಧಾರವನ್ನು ಹುಡುಕಲಿಲ್ಲ. ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಕಂಬಳಿ ವರ್ತಕನಿದ್ದ. ಅವನಿಗೆ ಉಣ್ಣೆ ಬರುತ್ತಿದ್ದುದು ಬಡಗಣ ಹಿಮದ ಸೀಮೆಯಿಂದ. ಬೇಟೆಗೆ ಯಾರ ಅಡ್ಡಿಯೂ ಇಲ್ಲದ ಕಾಲ ಅದು. ಉಣ್ಣೆ ತರುವ ಸಾಗಣೆಯವನು ಒಂದು ಸಲ ಅಲ್ಲಿನ ಕಡವೆಯ ಸುದ್ದಿ ಹೇಳಿದ. ಅದರ ಕೋಡು ಒಣಮರದ ಕೊಂಬೆಯಂತೆ ಕವಲೊಡೆದಿರುತ್ತದೆ, ನಿಮ್ಮ ಕಾಡಿನ ಕಡವೆ ಮಳೆ ಬಂದರೆ ಅದರ ಹೊಟ್ಟೆಯ ಕೆಳಗೆ ನಿಲ್ಲಬಹುದು ಎಂದ. ವರ್ತಕ ಆ ದಿನ ಊಟ ಮಾಡುವಾಗಲೂ ಅದನ್ನೇ ಯೋಚಿಸಿದ. ಊರಿನವರ ಹಂದಿ ಬೇಟೆಗೆ ಅವನು ಹೋಗುತ್ತಿದ್ದುದುಂಟು. ಅಲ್ಲಿ ಅವನ ಜಾಗ ಬುತ್ತಿ ಕಾಯುವವರ ಜೊತೆ. ಆದರೆ ದೊಡ್ಡ ಆಸೆ ಹುಟ್ಟುವುದಕ್ಕೆ ಸಣ್ಣ ಅನುಭವ ಬೇಕೇ ಬೇಕೆಂಬ ನಿಯಮವಿಲ್ಲ.

ಹಿಮದ ಸೀಮೆಗೆ ಹೋಗಿ ಆ ಕಡವೆಯನ್ನು ಹೊಡೆದು ತರುತ್ತೇನೆ ಎಂದು ಅವನು ಊರಿಗೆಲ್ಲ ಹೇಳಿದ. ಮೊದಲು ಹೇಳಿ ಆಮೇಲೆ ಬಂದೂಕು ಕೊಳ್ಳಲು ಹೊರಟ.

ಬಂದೂಕಿನ ವಿಷಯದಲ್ಲಿ ಊರಿನಲ್ಲಿ ಅಭಿಪ್ರಾಯಕ್ಕೆ ಬಡತನವಿರಲಿಲ್ಲ. ನೂಲಿನ ವ್ಯಾಪಾರಿ ಉದ್ದನೆಯ ನಳಿಗೆಯದು ಬೇಕು ಎಂದ. ವೈದ್ಯ ತೂಕದ್ದು ಬೇಕು ಎಂದ. ಇಬ್ಬರೂ ಬಂದೂಕನ್ನು ಮೆರವಣಿಗೆಯಲ್ಲಿ ನೋಡಿದವರು. ಪಟ್ಟಣದ ಅಂಗಡಿಯವನು ಎರಡು ರೈಫಲ್ ತಂದು ಮೇಜಿನ ಮೇಲಿಟ್ಟ. ಒಂದು ಮಧ್ಯಮ ಗಾತ್ರದ್ದು. ಕಡವೆಗೆ ಧಾರಾಳವಾಗಿ ಸಾಕು, ಹೆಗಲಿಗೆ ಹಗುರ. ಇನ್ನೊಂದು ಆನೆಯನ್ನೂ ಕೆಡವುತ್ತದೆ, ಆದರೆ ಹಿಂದಕ್ಕೆ ಒದೆಯುತ್ತದೆ. ಅಂಗಡಿಯವನು ಎರಡನ್ನೂ ಸಮನಾಗಿ ಹೊಗಳಿದ. ವರ್ತಕನಿಗೆ ಹೆಗಲಿಗೆ ಹಗುರ ಎಂಬ ಮಾತು ತನ್ನ ಹೆಗಲಿನ ಬಗ್ಗೆ ಆಡಿದಂತೆ ಕೇಳಿಸಿತು. ಅವನು ದೊಡ್ಡದನ್ನು ಕೊಂಡ.

ಕೆರೆಯ ಏರಿಯ ಹಿಂದೆ ಹುತ್ತದ ಮೇಲೆ ಒಂದು ಮಡಕೆ ಇಟ್ಟು ಅವನು ಗುರಿ ಕಲಿಯಲು ಹೋದ. ಮೊದಲ ಗುಂಡಿಗೆ ಬಂದೂಕು ಅವನನ್ನು ಒದ್ದು ಕೂರಿಸಿತು. ಹೆಗಲು ಕಪ್ಪಾಯಿತು. ಎರಡನೆಯ ಸಲ ಬೆರಳು ಟ್ರಿಗರ್ ಎಳೆಯುವ ಮೊದಲೇ ಕಣ್ಣು ತಾನಾಗಿ ಮುಚ್ಚಿಕೊಂಡಿತು. ಮೂರನೆಯ ಸಲವೂ ಹಾಗೆಯೇ. ಮಡಕೆ ಒಡೆದ ಸದ್ದು ಕೇಳಿದರೆ ತಾಗಿತು, ಕೇಳದಿದ್ದರೆ ಇಲ್ಲ, ಎಂದು ಅವನು ತಿಳಿಯಬೇಕಾಗಿತ್ತು. ನೋಡಿದ್ದು ಮೇಲೆ ಹಾರುತ್ತಿದ್ದ ಒಂದು ಹದ್ದು ಮಾತ್ರ. ಬಂದೂಕನ್ನು ಹಿಂದಕ್ಕೆ ಕೊಟ್ಟು ಚಿಕ್ಕದನ್ನು ತರಬಹುದಿತ್ತು. ಆದರೆ ಅಂಗಡಿಯವನು ಕಾರಣ ಕೇಳುತ್ತಾನೆ. ಕಣ್ಣು ಮುಚ್ಚುವ ಚಾಳಿ ದಾರಿಯಲ್ಲಿ ಹೋಗಬಹುದು ಎಂದುಕೊಂಡು ವರ್ತಕ ಮನೆಗೆ ಬಂದ.

ಉಳಿದುದೆಲ್ಲವನ್ನೂ ಅವನು ಬಹಳ ಚೆನ್ನಾಗಿ ಸಿದ್ಧಮಾಡಿಕೊಂಡ. ಕಣಿವೆ ಹಿಮದಿಂದ ಮುಚ್ಚುವ ಮೊದಲು ಯಾವ ಹೊತ್ತಿಗೆ ತಲುಪಬೇಕೆಂದು ಸಾಗಣೆಯವನನ್ನು ಕೇಳಿ ತಿಳಿದ. ಹೊಸ ಬೂಟು ಕಾಲು ಕಚ್ಚಬಾರದೆಂದು ಮಳಿಗೆಯಲ್ಲಿ ಅದನ್ನೇ ಹಾಕಿಕೊಂಡು ಓಡಾಡಿದ. ಕೊರೆಯುವ ಚಳಿಯಲ್ಲಿ ಬಂದೂಕಿನ ಎಣ್ಣೆ ಗಟ್ಟಿಯಾಗಿ ಕೈಕೊಡುತ್ತದೆಂದು ಯಾರೋ ಹೇಳಿದ್ದರಿಂದ ಅದನ್ನು ಒರೆಸಿ ಒಣಗಿಸಿದ. ನಳಿಗೆಗೆ ಕಂಬಳಿಯ ಗವಸು ಹೊಲಿಸಿದ. ಹುರಿಹಿಟ್ಟು, ಬೆಲ್ಲ, ಕೊಬ್ಬರಿ ಕಟ್ಟಿಸಿದ. ಇದನ್ನೆಲ್ಲ ನೋಡುತ್ತಿದ್ದ ಅವನ ಹೆಂಡತಿ, ಅಷ್ಟು ದೂರ ಹೋಗಿ ಹೊಡೆಯುವುದಕ್ಕೆ ಆ ಪ್ರಾಣಿ ನಿಮಗೆ ಮಾಡಿದ್ದಾದರೂ ಏನು ಎಂದು ಕೇಳಿದಳು. ವರ್ತಕ ಬೆಲ್ಲದ ಗಂಟನ್ನು ಇನ್ನೊಮ್ಮೆ ಬಿಗಿದ. ಬಂದೂಕಿನ ಮುಂದೆ ಇಂಥ ಪ್ರಶ್ನೆ ಚಿಕ್ಕದು ಎಂದು ಅವನ ಭಾವನೆ.

ಹಿಮದ ಸೀಮೆಯಲ್ಲಿ ಉಣ್ಣೆ ಕತ್ತರಿಸುವವರ ಒಂದು ಸಣ್ಣ ಊರು. ಅದರ ಮೇಲೆ ಒಂದು ಬೆಟ್ಟ. ಚಳಿಗಾಲಕ್ಕೆ ಮುಂಚೆ ಆ ಬೆಟ್ಟದಿಂದ ಒಂದೇ ಒಂದು ಕಡವೆಯನ್ನು ಹೊಡೆಯುವುದು ಆ ಊರಿನ ಕಟ್ಟಳೆ. ಮಾಂಸವನ್ನು ಮನೆಮನೆಗೆ ಹಂಚಿ, ಒಣಗಿಸಿ, ಹಿಮ ಕರಗುವವರೆಗೆ ಅದರಲ್ಲಿ ಬದುಕುತ್ತಾರೆ. ಎರಡನೆಯದಕ್ಕೆ ಕೈ ಹಾಕುವುದಿಲ್ಲ. ವರುಷಕ್ಕೆ ಒಂದಾದರೆ ಬೆಟ್ಟ ಕೊಡುತ್ತಲೇ ಇರುತ್ತದೆ ಎಂದು ಅವರ ನಂಬಿಕೆ. ತಮ್ಮ ಉಣ್ಣೆ ಕೊಳ್ಳುವ ವರ್ತಕ ಅಷ್ಟು ದೂರದಿಂದ ಬಂದಿದ್ದಾನೆಂದು ತಿಳಿದಾಗ ಊರಿನವರು ಸೇರಿ ಮಾತಾಡಿದರು. ಈ ವರುಷದ ಗುಂಡು ಅತಿಥಿಯದಾಗಲಿ, ಕೋಡು ಅವನಿಗೆ, ಮಾಂಸ ಊರಿಗೆ ಎಂದು ತೀರ್ಮಾನವಾಯಿತು. ಹೊಡೆಯುವವರು ಯಾರಾದರೇನು, ಪಾಲು ಮನೆಗೆ ಬಂದರಾಯಿತು.

ಅವರದು ಇನ್ನೊಂದು ಕಟ್ಟಳೆ ಇತ್ತು. ಗುಂಡು ಹಾರಿದ ಮೇಲೆ ಜೊತೆಗಿದ್ದ ಬೇಟೆಗಾರ ಹೊಡೆದವನನ್ನು ತಾಗಿತೇ ಎಂದು ಒಂದು ಸಲ ಕೇಳುತ್ತಾನೆ. ನಳಿಗೆಯ ಮೇಲೆ ಕಣ್ಣಿಟ್ಟವನು ಅವನೊಬ್ಬನೇ. ಅವನು ಹೇಳಿದ್ದೇ ಮಾತು. ತಾಗಲಿಲ್ಲ ಎಂದರೆ ಎಲ್ಲರೂ ನಕ್ಕು ಮನೆಗೆ ಹೋಗಿ ಇನ್ನೊಂದು ದಿನ ಬರುತ್ತಾರೆ. ತಾಗಿತು ಎಂದರೆ ಪ್ರಾಣಿ ಸಿಗುವವರೆಗೂ ಊರಿಗೆ ಊರೇ ಹುಡುಕುತ್ತದೆ. ಗಾಯವಾದ ಪ್ರಾಣಿಯನ್ನು ನೋವಿನಲ್ಲಿ ಬಿಟ್ಟು ಬಂದು ಅನ್ನ ಉಣ್ಣುವುದು ಅವರಲ್ಲಿ ಇಲ್ಲ. ಸಿಗದೇ ಹೋದರೆ ಆ ವರುಷದ ಕಡವೆ ಮುಗಿಯಿತೆಂದೇ ಲೆಕ್ಕ.

ಬೆಟ್ಟ ಹತ್ತುವ ಮುಂಚೆ ಬೇಟೆಗಾರ ವರ್ತಕನಿಗೆ ಒಂದು ಕಲ್ಲು ತೋರಿಸಿ, ದಾರಿಯ ಕುಲುಕಾಟಕ್ಕೆ ಬಂದೂಕಿನ ಗುರಿ ಸರಿದಿರಬಹುದು, ಒಂದು ಗುಂಡು ಹಾರಿಸಿ ನೋಡಿ ಎಂದ. ವರ್ತಕ ಯೋಚಿಸಿ, ಸದ್ದಿಗೆ ಪ್ರಾಣಿಗಳು ಬೆದರುತ್ತವೆ ಎಂದ. ಬೇಟೆಗಾರನಿಗೆ ಅದು ಮೆಚ್ಚಿಕೆಯಾಯಿತು. ಇಷ್ಟು ಎಚ್ಚರದ ಮನುಷ್ಯನನ್ನು ತಾನು ನೋಡಿಲ್ಲ ಎಂದು ಸಂಜೆ ಊರಿನಲ್ಲಿ ಹೇಳಿದ.

ಕಡವೆ ಸಿಕ್ಕಿತು. ಎಡಗೋಡಿನ ಒಂದು ಕವಲು ಮುರಿದು ಕೆಳಕ್ಕೆ ಬಾಗಿದ್ದ ದೊಡ್ಡ ಗಂಡು. ಬಯಲಿನಲ್ಲಿ ಅಡ್ಡವಾಗಿ ನಿಂತಿತ್ತು. ಅದಕ್ಕಿಂತ ಸುಲಭವಾಗಿ ಒಂದು ಪ್ರಾಣಿ ನಿಲ್ಲಲಾರದು. ವರ್ತಕ ಹೇಳಿಕೊಟ್ಟಂತೆ ಮಲಗಿದ, ಉಸಿರು ಬಿಗಿಹಿಡಿದ, ಬೆರಳು ಎಳೆದ. ಸದ್ದು ಬೆಟ್ಟವೆಲ್ಲ ಸುತ್ತಿ ಬಂತು. ಅವನು ಕಣ್ಣು ತೆರೆದಾಗ ಬಯಲು ಖಾಲಿಯಾಗಿತ್ತು.

ಬೇಟೆಗಾರ ಹೊಗೆ ಆರುವವರೆಗೆ ಕಾದು ಕೇಳಿದ.

"ಧಣಿ, ತಾಗಿತೇ?"

"ತಾಗಿತು," ಎಂದ ವರ್ತಕ.

ಆ ಮಾತು ಅವನ ಬಾಯಿಂದ ಹೇಗೆ ಬಂತೆಂದು ಅವನಿಗೇ ತಿಳಿಯಲಿಲ್ಲ. ಸುಳ್ಳು ಹೇಳಬೇಕೆಂದು ಅವನು ಹೇಳಲಿಲ್ಲ. ಕಣ್ಣು ಮುಚ್ಚಿದ್ದೆ ಎಂದು ಹೇಳುವುದಕ್ಕಿಂತ ಆ ಮಾತು ಚಿಕ್ಕದಾಗಿತ್ತು. ತಾಗಿರಲೂಬಹುದು. ಅಷ್ಟು ದೊಡ್ಡ ಬಂದೂಕು, ಅಷ್ಟು ದೊಡ್ಡ ಪ್ರಾಣಿ, ಎರಡೂ ಎಲ್ಲಾದರೂ ಸಂಧಿಸಿರಲೇಬೇಕು.

ಊರು ಬೆಟ್ಟಕ್ಕೆ ಬಂತು. ಹಿಮ ಬೀಳುವ ಮೊದಲು ಹುಲ್ಲು ಕೊಯ್ದು ಒಟ್ಟುವ ಕೆಲಸ ಅರ್ಧಕ್ಕೆ ನಿಂತಿತು. ಗಂಡಸರು, ಹೆಂಗಸರು ಸಾಲಾಗಿ ಬಗ್ಗಿ ನೆಲ ನೋಡುತ್ತ ನಡೆದರು. ಒಂದು ಹನಿ ರಕ್ತ ಕಾಣಲಿಲ್ಲ. ಇದರಿಂದ ಯಾರಿಗೂ ಅನುಮಾನ ಬರಲಿಲ್ಲ. ಚರ್ಮ ದಪ್ಪ, ರಕ್ತ ಒಳಗೇ ನಿಂತಿದೆ ಎಂದ ಒಬ್ಬ. ಇಂಥ ಗುಂಡು ಹೊಕ್ಕ ವೇಗಕ್ಕೆ ಗಾಯವೇ ಮುಚ್ಚಿಹೋಗಿರುತ್ತದೆ ಎಂದ ಇನ್ನೊಬ್ಬ. ರಕ್ತ ಇಲ್ಲದಿರುವುದೇ ಬಂದೂಕಿನ ದೊಡ್ಡಸ್ತಿಕೆಗೆ ಸಾಕ್ಷಿ ಎಂಬಲ್ಲಿಗೆ ಮಾತು ಬಂತು. ವರ್ತಕ ಹೇಳಬೇಕಾದ ಸಬೂಬುಗಳನ್ನೆಲ್ಲ ಅವರೇ ಹೇಳಿ ಅವನಿಗೆ ಏನನ್ನೂ ಉಳಿಸಲಿಲ್ಲ. ಅವನು ಎಲ್ಲರಿಗಿಂತ ಹೆಚ್ಚು ಬಗ್ಗಿ ಹುಡುಕಿದ. ಜೀವಮಾನದಲ್ಲಿ ಅವನು ಯಾವುದನ್ನೂ ಅಷ್ಟು ಮನಸಾರೆ ಹುಡುಕಿರಲಿಲ್ಲ. ಒಂದು ಹನಿ ಸಿಕ್ಕರೆ ಅವನು ಸತ್ಯವಂತನಾಗುತ್ತಿದ್ದ. ಒಂದು ಕಡೆ ಕೆಂಪಗೆ ಏನೋ ಕಂಡು ಕೂಗಿ ಕರೆದ. ಬೇಟೆಗಾರ ಓಡಿಬಂದು ನೋಡಿದ. ಅದು ಹಣ್ಣಾದ ಒಂದು ಎಲೆ. ಬೇಟೆಗಾರ ನಗಲಿಲ್ಲ. ಎಲೆಯನ್ನು ಎತ್ತಿ ಜೇಬಿಗೆ ಹಾಕಿಕೊಂಡ, ಮುಂದೆ ಬರುವವರು ಅದನ್ನೇ ಕಂಡು ಮೋಸಹೋಗಬಾರದೆಂದು.

ಹುಡುಕುತ್ತ ದಿನಗಳು ಹೋದವು. ಒಬ್ಬ ಮುದುಕ ಜಾರಿಬಿದ್ದು ಕಾಲು ಉಳುಕಿಸಿಕೊಂಡ. ಅವನನ್ನು ಹೊತ್ತು ಇಳಿಸುವಾಗಲೂ ಅವನು ವರ್ತಕನಿಗೆ, ಧಣಿ, ಬೇಸರಪಡಬೇಡಿ, ಸಿಗುತ್ತದೆ ಎಂದ.

ಕೊನೆಗೆ ಒಂದು ಮಧ್ಯಾಹ್ನ ವರ್ತಕ ಬೆನ್ನು ನೋವೆಂದು ನೆಟ್ಟಗೆ ನಿಂತು ತಲೆ ಎತ್ತಿದ. ಕಮರಿಯ ಆಚೆಯ ದಿಬ್ಬದ ಮೇಲೆ ಒಂದು ಕಡವೆ ಮೇಯುತ್ತಿತ್ತು. ಎಡಗೋಡಿನ ಕವಲು ಮುರಿದು ಕೆಳಕ್ಕೆ ಬಾಗಿತ್ತು. ಬಿಸಿಲು ಅದರ ಮೈಮೇಲೆ ಬಿದ್ದಿತ್ತು. ಎಲ್ಲಿಯೂ ಗಾಯವಿರಲಿಲ್ಲ. ಅದು ನಾಲ್ಕು ಹೆಜ್ಜೆ ಹಾಕಿತು, ಕುಂಟಲಿಲ್ಲ. ಊರಿನವರೆಲ್ಲ ಬಗ್ಗಿ ನೆಲ ನೋಡುತ್ತಿದ್ದರು. ಅವರ ಬಂದೂಕುಗಳು ಅವರ ಬೆನ್ನಮೇಲೆಯೇ ಇದ್ದವು. ಅಗೋ ಅಲ್ಲಿದೆ, ನನ್ನ ಗುಂಡು ತಾಗಿಲ್ಲ ಎಂದು ಒಂದು ಮಾತು ಹೇಳಿದರೆ ಸಾಕು, ಯಾರಾದರೊಬ್ಬರು ಹೊಡೆಯುತ್ತಿದ್ದರು, ಆ ರಾತ್ರಿ ಪ್ರತಿ ಮನೆಗೂ ಪಾಲು ಹೋಗುತ್ತಿತ್ತು. ಅಲ್ಲಿಯವರೆಗೆ ಅವನಿಗೆ ಗೊತ್ತಿರಲಿಲ್ಲ. ಈಗ ಗೊತ್ತಾಯಿತು. ವರ್ತಕ ಬಾಯಿ ತೆರೆದ.

ಅಷ್ಟರಲ್ಲಿ ಮಠದ ಜಗುಲಿಯ ಮೆಟ್ಟಿಲು ಹತ್ತಿ ದ್ಯಾಮಪ್ಪ ಬಂದು ನಿಂತ. ಕಂಕುಳಲ್ಲಿ ಹಾಸಿಗೆಯ ಸುರುಳಿ ಇತ್ತು. ಅದನ್ನು ಕೆಳಗಿಟ್ಟು ಗುರುಗಳಿಗೆ ಅಡ್ಡಬಿದ್ದ.

"ಹೋಗಿ ಬರುತ್ತೇನೆ, ಬುದ್ಧೀ. ಅಗಳಿ ಕೊನೆಗೂ ಸಿಕ್ಕಿತು. ಕರುವಿನ ಗೋದಲಿಯ ಪಕ್ಕ ಹುಲ್ಲಿನ ಮೇಲೆ ಒರಗಿತ್ತು. ಅಲ್ಲಿ ಯಾವಾಗ ಇಟ್ಟೆನೋ, ತಲೆ ಬಡಿದುಕೊಂಡರೂ ನೆನಪಾಗುತ್ತಿಲ್ಲ. ವಯಸ್ಸಾಯಿತು ನೋಡಿ," ಎಂದ. ಆಮೇಲೆ ಅಡವಯ್ಯನ ಕಡೆ ತಿರುಗಿದ. "ಅಯ್ಯನವರೇ, ಕರುವಿಗೆ ನಿಮ್ಮ ಮೇಲೆ ಜೀವ. ಹಾಲು ಬಿಡಿಸುವವರೆಗೆ ದಿನಾ ಒಂದು ಸಲ ಹೋಗಿ ಮೈ ಸವರಿ ಬನ್ನಿ."

ಅಡವಯ್ಯನ ಅಂಗೈಗೆ ಅಗಳಿಯ ಮರ ತಗುಲಿದಂತಾಯಿತು. ಆ ಸಂಜೆ ಕರು ಬೆರಳನ್ನು ಚೀಪುತ್ತಿತ್ತು. ಎರಡು ಕೈಯಿಂದಲೂ ಅದರ ಕುತ್ತಿಗೆ ಸವರಬೇಕೆನಿಸಿ, ಅವನು ಅಗಳಿಯನ್ನು ಗೋದಲಿಗೆ ಒರಗಿಸಿದ್ದ. ಅಷ್ಟು ಸ್ಪಷ್ಟವಾಗಿ ನೆನಪಾಯಿತು. ಅವನು ಚಾಪೆಯ ಅಂಚನ್ನು ನೋಡಿದ. ಚಾಪೆಯ ಅಂಚು ಬಿಚ್ಚಿಕೊಂಡಿತ್ತು.

"ಹುಷಾರಾಗಿ ಹೋಗಿ ಬಾರಪ್ಪ," ಎಂದ.

ದ್ಯಾಮಪ್ಪ ಸುರುಳಿಯನ್ನು ಎತ್ತಿಕೊಂಡ. ಗುರುಗಳು ಅವನನ್ನು ನೋಡಿದರು, ಅಡವಯ್ಯನನ್ನು ನೋಡಿದರು. ಅಂಗಳದಲ್ಲಿ ಒಂದು ಹಸು ದ್ಯಾಮಪ್ಪನ ಹೆಜ್ಜೆಯ ಸದ್ದಿಗೆ ತಲೆ ಎತ್ತಿತು. ಅವನು ಕೊನೆಯ ಮೆಟ್ಟಿಲು ಇಳಿಯುವ ಮೊದಲೇ, ಗುರುಗಳ ನೋಟವನ್ನು ತಡೆಯಲಾರದೆ, ಅಡವಯ್ಯ ಅವರನ್ನು ಕೇಳಿದ. ವರ್ತಕ ಬಾಯಿ ತೆರೆದು ಏನು ಹೇಳಿದ?

ಗುರುಗಳು ಮುಂದುವರಿಸಿದರು.

ವರ್ತಕ ಬಾಯಿ ತೆರೆದ ಹೊತ್ತಿಗೆ ಬೇಟೆಗಾರ ಪಕ್ಕಕ್ಕೆ ಬಂದು, ಏನು ನೋಡುತ್ತಿದ್ದೀರಿ ಧಣಿ ಎಂದ. ಏನಿಲ್ಲ, ಬೆಟ್ಟ ಚೆನ್ನಾಗಿದೆ ಎಂದ ವರ್ತಕ. ಬೇಟೆಗಾರ ಆ ಕಡೆ ತಿರುಗುವುದರೊಳಗೆ ಕಡವೆ ದಿಬ್ಬವನ್ನು ದಾಟಿ ಇಳಿದಿತ್ತು. ಇಷ್ಟು ದುಃಖದಲ್ಲಿಯೂ ಬೆಟ್ಟದ ಚೆಲುವನ್ನು ನೋಡುವ ಮನಸ್ಸು ಅತಿಥಿಗೆ ಇದೆಯಲ್ಲ ಎಂದು ಬೇಟೆಗಾರನಿಗೆ ಸಂತೋಷವಾಯಿತು. ಅದನ್ನೂ ಅವನು ಊರಿನಲ್ಲಿ ಹೇಳಿದ.

ಮರುದಿನ ಹಿಮ ಬಿತ್ತು. ಹುಡುಕುವುದು ನಿಂತಿತು. ಪಾಲು ಹಂಚುವ ಹಿರಿಯಳೊಬ್ಬಳು ಆ ಊರಿನಲ್ಲಿದ್ದಳು. ಎಲ್ಲರೂ ಅವಳ ಮನೆಯ ಒಲೆಯ ಸುತ್ತ ಕೂತರು. ಬೆಟ್ಟ ಈ ವರುಷದ್ದನ್ನು ಕೊಟ್ಟಾಯಿತು, ನಮಗೆ ಸಿಗಲಿಲ್ಲ ಎಂದು ಅವಳು ಹೇಳಿದಳು. ಗಂಡಸರು ಬಂದೂಕುಗಳನ್ನು ಗೂಟಕ್ಕೆ ನೇತುಹಾಕಿದರು. ಚಿಕ್ಕ ಮಕ್ಕಳಿರುವ ಒಬ್ಬ ಮಾತ್ರ, ಅತಿಥಿಯನ್ನು ಇನ್ನೊಂದು ಸಲ ಕೇಳಿದರೆ ತಪ್ಪೇ ಎಂದ. ತಾಗದೆಯೂ ಇದ್ದಿರಬಹುದಲ್ಲ.

"ಒಬ್ಬನನ್ನು ಎರಡು ಸಲ ಕೇಳಿದರೆ ಮೊದಲ ಸಲ ಹೇಳಿದ್ದಕ್ಕೆ ಅವನನ್ನು ಸುಳ್ಳುಗಾರ ಎಂದ ಹಾಗೆ," ಎಂದಳು ಮುದುಕಿ. "ಮನೆಗೆ ಬಂದವರನ್ನು ಹಾಗೆ ಅನ್ನುವುದಕ್ಕೆ ನಿನಗೆ ನಾಚಿಕೆಯಾಗುವುದಿಲ್ಲವೇನೋ?"

ಆ ಮನುಷ್ಯ ನಾಚಿದ. ವರ್ತಕನ ಬಳಿಗೆ ಬಂದು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಧಣಿ, ಹೊಟ್ಟೆಯ ಮಾತು ಎಂದ. ವರ್ತಕ ಅವನನ್ನು ಕ್ಷಮಿಸಿದ. ಒಲೆಯಲ್ಲಿ ಬೆಂಕಿ ಚೆನ್ನಾಗಿ ಉರಿಯುತ್ತಿತ್ತು. ಅವನು ಅದನ್ನೇ ನೋಡುತ್ತ ಕೂತ. ಅಲ್ಲಿ ನಾಚಬೇಕಾದವನು ಒಬ್ಬನೇ ಇದ್ದ, ನಾಚಿದವನು ಬೇರೊಬ್ಬ.

ಹೊರಡುವ ದಿನ ಮುದುಕಿ ಒಂದು ಕಟ್ಟು ತಂದು ಅವನ ಹೇಸರಗತ್ತೆಯ ಮೇಲೆ ಇಡಿಸಿದಳು. ಹೋದ ವರುಷ ಒಣಗಿಸಿದ ಮಾಂಸದಲ್ಲಿ ಉಳಿದಿದ್ದ ತೊಡೆಯ ಭಾಗ. ಬೇಟೆ ಕಳೆದುಕೊಂಡವನನ್ನು ಬರಿಗೈಯಲ್ಲಿ ಕಳಿಸುವುದು ತಮ್ಮಲ್ಲಿ ಇಲ್ಲ ಎಂದಳು. ವರ್ತಕ ಬೇಡವೆಂದ. ಬಹಳ ಸಲ ಬೇಡವೆಂದ. ಯಾಕೆ ಬೇಡ ಎಂಬುದೊಂದನ್ನು ಬಿಟ್ಟು ಉಳಿದುದೆಲ್ಲ ಹೇಳಿದ. ಸಂಕೋಚದ ಮನುಷ್ಯ ಎಂದು ಅವರು ಇನ್ನೂ ಸ್ವಲ್ಪ ಸೇರಿಸಿ ಕಟ್ಟಿದರು.

ಕಣಿವೆ ದಾಟುವವರೆಗೆ ಅವನು ಹಿಂದಿರುಗಿ ಹೋಗಿ ಹೇಳಬೇಕೆಂದುಕೊಂಡ. ಆದರೆ ಮೊದಲ ತಂಗುದಾಣದಲ್ಲಿ ಅದು ಕಷ್ಟವಾಗಿ ಕಂಡಿತು. ಎರಡನೆಯದರಲ್ಲಿ ಇನ್ನಷ್ಟು ಕಷ್ಟವಾಗಿ ಕಂಡಿತು. ದೂರ ಹೆಚ್ಚಾದಂತೆ ಮಾತು ಭಾರವಾಗುತ್ತ ಹೋಯಿತು. ಹೇಸರಗತ್ತೆಗೆ ಮಾತ್ರ ಹೊರೆ ಅಷ್ಟೇ ಇತ್ತು.

ಊರಿನಲ್ಲಿ ಅವನನ್ನು ಎದುರುಗೊಳ್ಳಲು ಜನ ಸೇರಿದ್ದರು. ಕೋಡು ಎಲ್ಲಿ ಎಂದು ಕೇಳಿದರು. ಅವನು ಉತ್ತರ ಹುಡುಕುವುದರೊಳಗೆ ನೂಲಿನ ವ್ಯಾಪಾರಿ ಮಾಂಸದ ಕಟ್ಟನ್ನು ಕಂಡ. ಅಷ್ಟು ದೊಡ್ಡ ಕೋಡನ್ನು ಹೊತ್ತು ತರುವುದು ಹೇಗೆ ಸಾಧ್ಯ ಎಂದು ವೈದ್ಯ ತೀರ್ಪು ಕೊಟ್ಟ. ತೊಡೆಯ ಉದ್ದವನ್ನು ಗೇಣಿನಿಂದ ಅಳೆದು ಜನ ಬೆರಗಾದರು. ವರ್ತಕ ಒಂದು ಸುಳ್ಳನ್ನೂ ಆಡಬೇಕಾಗಲಿಲ್ಲ. ಮಾಂಸ ಬೇಯಿಸಿ ಬೀದಿಯವರಿಗೆಲ್ಲ ಬಡಿಸಿದರು. ಮೊದಲ ತುಂಡು ಹೊಡೆದವನಿಗೆ. ಅವನು ಅದನ್ನು ಬಾಯಿಗಿಟ್ಟುಕೊಂಡು ಅಗಿದ. ಹೇಗಿದೆ ಎಂದು ಹೆಂಡತಿ ಕೇಳಿದಳು. ಸ್ವಲ್ಪ ಉಪ್ಪು ಹೆಚ್ಚು ಎಂದ. ಅವಳು ಅವನ ಮುಖವನ್ನೇ ನೋಡಿದಳು. ಆ ದಿನದಿಂದ ಅವನು ಮಾಂಸ ಬಿಟ್ಟ. ಎಂಥ ಬೇಟೆಗಾರ, ಎಂಥ ವೈರಾಗ್ಯ ಎಂದು ಊರು ಹೊಗಳಿತು.

ಮರುವರುಷ ಉಣ್ಣೆ ಬಂತು. ಸಾಗಣೆಯವನು ಆ ಊರಿನ ಸುದ್ದಿ ಹೇಳಿದ. ಚಳಿಗಾಲ ಗಟ್ಟಿಯಾಗಿತ್ತು. ಹುಲ್ಲೂ ಸಾಲಲಿಲ್ಲ, ಕುರಿಗಳು ಸತ್ತವು. ಜನ ಹಿಟ್ಟಿನ ಗಂಜಿ ಕುಡಿದು ಕಳೆದರು. ಮುದುಕಿ ತನ್ನ ಪಾಲಿನ ಗಂಜಿಯನ್ನು ಮಕ್ಕಳಿಗೆ ಹಾಕುತ್ತಿದ್ದಳು, ಹಿಮ ಕರಗುವ ಮುಂಚೆ ತೀರಿಕೊಂಡಳು. ವಯಸ್ಸಾಗಿತ್ತು ಎಂದು ಎಲ್ಲರೂ ಅಂದರು. ಅತಿಥಿಯ ದುಃಖ ಈಗ ಕಡಿಮೆಯಾಯಿತೇ ಎಂದು ಊರು ಕೇಳಿಕಳಿಸಿತ್ತು. ಗಾಯಗೊಂಡ ಕಡವೆಯ ಎಲುಬು ಸಿಕ್ಕು ಅದಕ್ಕೆ ಮಣ್ಣು ಕೊಡುವವರೆಗೆ ಆ ಬೆಟ್ಟದಲ್ಲಿ ಗುಂಡು ಹಾರಿಸಬಾರದೆಂದು ಮುದುಕಿ ಸಾಯುವಾಗ ಹೇಳಿದ್ದಳಂತೆ. ಅತಿಥಿಯ ಮರ್ಯಾದೆಗೆ ಅಷ್ಟಾದರೂ ಮಾಡಬೇಕು ಎಂದಳಂತೆ. ಆದ್ದರಿಂದ ಈ ವರುಷವೂ ಬೇಟೆ ಇಲ್ಲ. ನಾಳೆ ಬೆಳಗ್ಗೆ ನಾನು ಅಲ್ಲಿಗೇ ಹೊರಡುತ್ತೇನೆ, ಏನಾದರೂ ಹೇಳುವುದಿದೆಯೇ ಎಂದು ಸಾಗಣೆಯವನು ಕೇಳಿದ.

ವರ್ತಕ ಅವನಿಗೆ ಎಲೆ ಹಾಕಿಸಿ ಊಟ ಬಡಿಸಿದ. ಎದುರಿಗೆ ಕೂತ. ಎರಡು ಸಲ ಗಂಟಲು ಸರಿಮಾಡಿಕೊಂಡ. ಆಮೇಲೆ, ಈ ಸಲದ ಉಣ್ಣೆಗೆ ದಾರಿಯಲ್ಲಿ ನೀರು ತಾಗಿಲ್ಲವಷ್ಟೆ ಎಂದು ಕೇಳಿದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಅಂಗಳದ ಬಿಸಿಲು ಜಗುಲಿಯ ಕಂಬದವರೆಗೆ ಬಂದಿತ್ತು. ಕೊಟ್ಟಿಗೆಯಲ್ಲಿ ಕರು ಒಂದು ಸಲ ಕೂಗಿ ಸುಮ್ಮನಾಯಿತು.

"ಅವನು ಬಾಯಿ ಬಿಡಬೇಕಾದದ್ದು ಯಾವಾಗ, ಅಡವಯ್ಯ?" ಎಂದು ಅವರು ಕೇಳಿದರು.

ಅಡವಯ್ಯನಿಗೆ ಉತ್ತರ ಗೊತ್ತಿತ್ತು. ಬೇರೆಯವರ ವಿಷಯದಲ್ಲಿ ಅವನ ಬುದ್ಧಿ ಯಾವಾಗಲೂ ಚುರುಕು. ಅವನು ವಿಷಯವನ್ನು ವಿಂಗಡಿಸಿ ಹೇಳಿದ. ಗುಂಡು ಹಾರಿಸಿದ ಹೊತ್ತಿನಲ್ಲಿ ವರ್ತಕನಿಗೆ ತಿಳಿದಿರಲಿಲ್ಲ, ಅದನ್ನು ದೌರ್ಬಲ್ಯ ಎನ್ನಬಹುದು. ಹುಡುಕುವ ದಿನಗಳಲ್ಲಿ ಅವನಿಗೆ ಆಸೆಯಿತ್ತು, ಅದನ್ನು ಭ್ರಮೆ ಎನ್ನಬಹುದು. ಆದರೆ ಕಡವೆಯನ್ನು ಕಣ್ಣಾರೆ ಕಂಡ ಮೇಲೆ ಅವನಿಗೆ ಯಾವ ನೆಪವೂ ಉಳಿಯಲಿಲ್ಲ.

"ಕಂಡ ಆ ಗಳಿಗೆಯಲ್ಲೇ ಹೇಳಬೇಕಿತ್ತು, ಗುರುಗಳೇ. ಒಂದು ಉಸಿರಿನಷ್ಟೂ ತಡಮಾಡಬಾರದಿತ್ತು," ಎಂದ. ಹೇಳುವಾಗ ಅವನ ಧ್ವನಿಯಲ್ಲಿ ವರ್ತಕನ ಮೇಲೆ ನಿಜವಾದ ಸಿಟ್ಟಿತ್ತು.

ಗುರುಗಳು ಅವನನ್ನು ನೋಡಿದರು.

"ಹಾಗಾದರೆ, ದ್ಯಾಮಪ್ಪ ಇನ್ನೂ ಮೆಟ್ಟಿಲ ಮೇಲಿದ್ದಾಗ, ವರ್ತಕ ಏನು ಹೇಳಿದನೆಂದು ನೀನು ನನ್ನನ್ನು ಯಾಕೆ ಕೇಳಿದೆ?"